ಪ್ರಾರ್ಥನೆಯ ಚೀಟಿ, ಪಾರ್ಲಿಮೆಂಟಿನ ಸೀಟು

ಬ್ರಿಟನ್ನಿನ ಕೆಳಮನೆಯಲ್ಲಿ 650 ಸದಸ್ಯರಿದ್ದಾರೆ. ಕೂರಲು ಜಾಗ ಇರುವುದು 427 ಜನಕ್ಕೆ. ಮಿಕ್ಕವರು ಬಾಗಿಲ ಬಳಿ ನಿಲ್ಲಬೇಕು, ಇಲ್ಲವೇ ಮೆಟ್ಟಿಲ ಮೇಲೆ ಕುಕ್ಕರಿಸಬೇಕು. ಪ್ರಜಾಪ್ರಭುತ್ವದ ತಾಯಿ ಎನಿಸಿಕೊಂಡ ಆ ಸಭೆ ಈ ಇಕ್ಕಟ್ಟಿಗೆ ಕಂಡುಕೊಂಡಿರುವ ಉಪಾಯ ದೇವರು.

ಕ್ರಮ ಹೀಗಿದೆ. ಬೆಳಿಗ್ಗೆ ಬೇಗ ಬಂದ ಸದಸ್ಯ ಪ್ರಾರ್ಥನೆಯ ಚೀಟಿ ಎಂದೇ ಕರೆಯುವ ಒಂದು ಕಾರ್ಡಿನ ಮೇಲೆ ಹೆಸರು ಬರೆದು ತನಗೆ ಬೇಕಾದ ಸೀಟಿನಲ್ಲಿ ಇಡಬಹುದು. ಕಲಾಪಕ್ಕೆ ಮುಂಚೆ ನಡೆಯುವ ಪ್ರಾರ್ಥನೆಗೆ ಖುದ್ದು ಹಾಜರಾದರೆ ಆ ಸೀಟು ದಿನವಿಡೀ ಅವನದ್ದೇ. ಪ್ರಾರ್ಥನೆ ತಪ್ಪಿಸಿಕೊಂಡರೆ ಚೀಟಿ ಬರೀ ಕಾಗದ. ನಾವು ಕೆಎಸ್‌ಆರ್‌ಟಿಸಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವೆ. ಅವರು ಅದೇ ಕೆಲಸಕ್ಕೆ ಪರಲೋಕದ ತಂದೆಯನ್ನು ಬಳಸಿಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ. ಹೀಗಾಗಿ ಸಾಧಾರಣ ದಿನಗಳಲ್ಲಿ ತಣ್ಣಗಿರುವ ಭಕ್ತಿ ಬಜೆಟ್ಟಿನ ದಿನ, ಬುಧವಾರ ಪ್ರಧಾನಿಗೆ ಪ್ರಶ್ನೆ ಕೇಳುವ ದಿನ ಇದ್ದಕ್ಕಿದ್ದಂತೆ ಉಕ್ಕುತ್ತದೆ. ದೇವರಿಲ್ಲ ಎಂದು ಲೇಖನ ಬರೆದವರೂ ಅಂದು ತಲೆತಗ್ಗಿಸಿ ನಿಲ್ಲುತ್ತಾರೆ. ಮುಂದಿನ ಬೆಂಚಿನ ಮಂತ್ರಿಗಳು ಮಾತ್ರ ಸಾಮಾನ್ಯವಾಗಿ ಪ್ರಾರ್ಥನೆಯ ಕಡೆ ತಲೆ ಹಾಕುವುದಿಲ್ಲ. ಅವರ ಸೀಟು ಮೊದಲೇ ಗಟ್ಟಿಯಾಗಿರುತ್ತದೆ. ಇನ್ನು ದೇವರ ಹಂಗೇಕೆ?

ಪ್ರಾರ್ಥನೆಯ ಹೊತ್ತಿಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ, ಟಿವಿ ಕ್ಯಾಮೆರಾ ಇಲ್ಲ. ಸದಸ್ಯರು ಬೆಂಚುಗಳ ಹಿಂದಿನ ಗೋಡೆಯ ಕಡೆ ಮುಖ ತಿರುಗಿಸಿ ನಿಲ್ಲುತ್ತಾರೆ. ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಬರುತ್ತಿದ್ದ ಕಾಲದಲ್ಲಿ ಮಂಡಿಯೂರುವುದು ಕಷ್ಟವಾಗಿ ಈ ಪದ್ಧತಿ ಬಂತು ಎನ್ನುತ್ತಾರೆ. ಎದುರು ಬೆಂಚಿನವನ ಮುಖ ಕಂಡು ನಗು ಬಂದುಬಿಟ್ಟರೆ ಕಷ್ಟ ಎಂಬುದೇ ನಿಜವಾದ ಕಾರಣ ಇರಬೇಕು ಎಂದು ನನ್ನ ಗುಮಾನಿ.

ಇಂಗ್ಲೆಂಡ್ ಮತ್ತು ವೇಲ್ಸಿನ ಜನಗಣತಿಯಲ್ಲಿ 2001ರಲ್ಲಿ ನೂರಕ್ಕೆ 71.7 ಮಂದಿ ತಮ್ಮನ್ನು ಕ್ರೈಸ್ತರೆಂದು ಬರೆಸಿದ್ದರು. 2021ರಲ್ಲಿ ಅದು 46.2ಕ್ಕೆ ಇಳಿಯಿತು; 37.2 ಮಂದಿ ಯಾವ ಧರ್ಮವೂ ಇಲ್ಲ ಎಂದರು. ಈ ಅಂಕಿ ಹೊರಬಿದ್ದಾಗ ಪತ್ರಿಕೆಗಳು ಕ್ರೈಸ್ತ ಬ್ರಿಟನ್ನಿಗೆ ತಿಥಿ ಮಾಡಿದವು. ಅಷ್ಟು ಅವಸರ ಬೇಕಿರಲಿಲ್ಲ. ಆ ದೇಶದ ರಾಜಕೀಯದಲ್ಲಿ ಧರ್ಮ ಬಹಳ ಆರೋಗ್ಯವಾಗಿದೆ. ಒಂದೇ ಷರತ್ತು, ಯಾರೂ ಅದನ್ನು ನಂಬಕೂಡದು.

ಬಿಷಪ್‌ಗಳ ನೇಮಕವನ್ನೇ ನೋಡಿ. ಇಂಗ್ಲೆಂಡಿನ ಚರ್ಚು ಸರ್ಕಾರಿ ಚರ್ಚು. ರಾಜನೇ ಅದರ ಪರಮಾಧಿಕಾರಿ. ಬಿಷಪ್ ಆಗುವವರ ಹೆಸರನ್ನು ರಾಜನಿಗೆ ತಲುಪಿಸುವವರು ಪ್ರಧಾನಿ. ಚರ್ಚಿನ ಸಮಿತಿ ಆರಿಸಿ ಕಳಿಸಿದ ಹೆಸರನ್ನು ದಾಟಿಸುವುದಷ್ಟೇ ಈಗ ಉಳಿದಿರುವ ಕೆಲಸ. ಆದರೂ ಆ ಕೆಲಸಕ್ಕೆ ಕಾನೂನಿನ ಕಾವಲಿದೆ. 1829ರ ಕಾಯ್ದೆಯ ಪ್ರಕಾರ ಕ್ಯಾಥೊಲಿಕರು, 1858ರ ಕಾಯ್ದೆಯ ಪ್ರಕಾರ ಯೆಹೂದ್ಯರು ಈ ವಿಷಯದಲ್ಲಿ ರಾಜನಿಗೆ ಸಲಹೆ ಕೊಡುವಂತಿಲ್ಲ. ಬೇರೆ ಯಾರಾದರೂ ಪ್ರಧಾನಿ ಆಗಬಹುದೆಂದು ಆ ಕಾಲದವರಿಗೆ ಕನಸಿನಲ್ಲೂ ಹೊಳೆದಿರಲಿಲ್ಲವಾದ್ದರಿಂದ ಬೇರೆಯವರ ಹೆಸರನ್ನು ಬರೆಯಲಿಲ್ಲ. ಹಾಗಾಗಿ ಭಗವದ್ಗೀತೆಯ ಮೇಲೆ ಕೈಯಿಟ್ಟು ಸಂಸತ್ತಿನಲ್ಲಿ ಪ್ರಮಾಣವಚನ ತೆಗೆದುಕೊಂಡ ನಮ್ಮ ಹುಬ್ಬಳ್ಳಿ ಕಡೆಯ ಅಳಿಯ ರಿಷಿ ಸುನಕ್ ಈ ಕೆಲಸ ಮಾಡಬಹುದಿತ್ತು. ತನಗೆ ದೈವಭಕ್ತಿ ಇಲ್ಲವೆಂದು ಮೊದಲೇ ಹೇಳಿಕೊಂಡ ಕೀರ್ ಸ್ಟಾರ್ಮರ್ ಕೂಡ ಮಾಡಬಹುದು. ಸಾರಾ ಮಲಲಿ ಕ್ಯಾಂಟರ್ಬರಿಯ ಮೊದಲ ಮಹಿಳಾ ಆರ್ಚ್‌ಬಿಷಪ್ ಆಗುತ್ತಾರೆಂದು 2025ರ ಅಕ್ಟೋಬರಿನಲ್ಲಿ ಪ್ರಕಟವಾದದ್ದು ಈ ನಾಸ್ತಿಕ ಪ್ರಧಾನಿಯ ಕಾಲದಲ್ಲೇ. ಅದೇ ಕ್ರಿಸ್ತನನ್ನು ಪೂಜಿಸುವ ಕ್ಯಾಥೊಲಿಕ್ ಪ್ರಧಾನಿ ಬಂದರೆ ಮಾತ್ರ ಅಪಚಾರ.

2023ರ ಮೇ ತಿಂಗಳಲ್ಲಿ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕ ನಡೆದಾಗ ಕೊಲೊಸ್ಸೆಯವರಿಗೆ ಪೌಲ ಬರೆದ ಪತ್ರಿಕೆಯ ಭಾಗವನ್ನು ಓದಿದವರು ಇದೇ ಸುನಕ್. ಚೆನ್ನಾಗಿ ಓದಿದರು. ಯಾರಿಗೂ ಮುಜುಗರವಾಗಲಿಲ್ಲ, ಏಕೆಂದರೆ ಓದಿದ್ದನ್ನು ಅವರು ನಂಬುತ್ತಾರೆಂಬ ಭಯ ಯಾರಿಗೂ ಇರಲಿಲ್ಲ.

ನಂಬಿಕೆಯನ್ನು ಎಷ್ಟು ಇಟ್ಟುಕೊಂಡರೆ ಕ್ಷೇಮ ಎಂಬುದಕ್ಕೆ ಮಾಜಿ ಪ್ರಧಾನಿ ಡೇವಿಡ್ ಕ್ಯಾಮೆರಾನ್ ಒಂದು ಅಳತೆ ಕೊಟ್ಟಿದ್ದರು. ಬೆಟ್ಟದ ಸೀಮೆಯಲ್ಲಿ ಸಾಗುವಾಗ ಕಾರಿನ ರೇಡಿಯೊದಲ್ಲಿ ಮ್ಯಾಜಿಕ್ ಎಫ್‌ಎಂ ಬಂದು ಹೋಗಿ ಮಾಡುವ ಹಾಗೆ ತನ್ನ ಭಕ್ತಿಯೂ ಬಂದು ಹೋಗುತ್ತದೆ ಎಂದರು. ಆ ಮಾತೂ ಸ್ವಂತದ್ದಲ್ಲ, ಬೋರಿಸ್ ಜಾನ್ಸನ್ ಅವರಿಂದ ಕಡ ತಂದದ್ದು. ಕಡ ತಂದ ಭಕ್ತಿಯ ಇದೇ ಕ್ಯಾಮೆರಾನ್ 2011ರಲ್ಲಿ, ಕಿಂಗ್ ಜೇಮ್ಸ್ ಬೈಬಲಿಗೆ 400 ವರ್ಷ ತುಂಬಿದ ಸಂದರ್ಭದಲ್ಲಿ, ಆಕ್ಸ್‌ಫರ್ಡಿನಲ್ಲಿ ನಿಂತು ನಮ್ಮದು ಕ್ರೈಸ್ತ ದೇಶ, ಹಾಗೆ ಹೇಳಲು ಅಂಜಬೇಕಿಲ್ಲ ಎಂದು ಸಾರಿದರು. ಅಂಜುತ್ತಿದ್ದವರು ಹಿಂದೆ ಪ್ರಧಾನಿಯಾಗಿದ್ದ ಟೋನಿ ಬ್ಲೇರ್. ಅವರು ನಿಜವಾಗಿ ನಂಬುತ್ತಿದ್ದರು, ಅದೇ ಫಜೀತಿ. 2003ರಲ್ಲಿ ಪತ್ರಕರ್ತರೊಬ್ಬರು ಬ್ಲೇರ್ ಬಳಿ ದೈವಭಕ್ತಿಯ ಸುದ್ದಿ ಎತ್ತಿದಾಗ ಅವರ ಪ್ರಚಾರದ ಮುಖ್ಯಸ್ಥ ಅಲಾಸ್ಟೇರ್ ಕ್ಯಾಂಪ್‌ಬೆಲ್ ನಡುವೆ ಬಾಯಿ ಹಾಕಿ, ದೇವರ ವ್ಯವಹಾರ ನಮ್ಮಲ್ಲಿಲ್ಲ ಎಂದು ಮಾತು ಮುಗಿಸಿದರು. ಜನ ನನ್ನನ್ನು ಹುಚ್ಚ ಅಂದುಕೊಂಡಾರು ಅಂತ ಸುಮ್ಮನಿದ್ದೆ ಎಂದು ಬ್ಲೇರ್ ಆಮೇಲೆ ಒಪ್ಪಿಕೊಂಡರು. 2007ರ ಜೂನಿನಲ್ಲಿ ಕುರ್ಚಿ ಬಿಟ್ಟರು, ಡಿಸೆಂಬರಿನಲ್ಲಿ ಕ್ಯಾಥೊಲಿಕ್ ಆದರು. ಇರಾಕಿನ ಯುದ್ಧಕ್ಕೆ ದೇಶವನ್ನು ನುಗ್ಗಿಸಿದವರನ್ನು ಜನ ಸಹಿಸಿಕೊಳ್ಳುತ್ತಾರೆ, ಜಪಮಣಿ ಹಿಡಿದವರನ್ನು ಸಹಿಸುತ್ತಾರೋ ಇಲ್ಲವೋ ಎಂಬ ಅನುಮಾನ ಅವರಿಗೆ.

ಅನುಮಾನ ಸುಳ್ಳಾಗಿರಲಿಲ್ಲ. ಲಿಬರಲ್ ಡೆಮಾಕ್ರಟ್ ಪಕ್ಷದ ಟಿಮ್ ಫ್ಯಾರನ್ 2015ರಲ್ಲಿ ನಾಯಕರಾದರು. ಆದ ತಕ್ಷಣ ಟಿವಿಯವರು ಕೇಳಿದ್ದು ತೆರಿಗೆಯ ವಿಚಾರವನ್ನಲ್ಲ, ಸಲಿಂಗಿಗಳ ಸಂಬಂಧ ಪಾಪವೇ ಎಂಬುದನ್ನು. ನಾವೆಲ್ಲರೂ ಪಾಪಿಗಳೇ ಎಂದರು ಫ್ಯಾರನ್. ಯಾವ ಪಾದ್ರಿಯೂ ಒಪ್ಪುವ ಉತ್ತರ, ಸ್ಟುಡಿಯೊದವರು ಒಪ್ಪಲಿಲ್ಲ. 2017ರ ಚುನಾವಣೆಯುದ್ದಕ್ಕೂ ಅದೇ ಪ್ರಶ್ನೆ ಬೆನ್ನು ಹತ್ತಿತು. ಕೊನೆಗೆ, ಪಾಪವಲ್ಲ ಎಂದು ಹೇಳಿ ಬಿಡಿಸಿಕೊಳ್ಳಲು ನೋಡಿದರು. ಹಾಗೆ ಹೇಳಿದ್ದಕ್ಕೆ ಮುಂದೊಂದು ದಿನ ಪಶ್ಚಾತ್ತಾಪವನ್ನೂ ಪಟ್ಟರು. ಜೂನ್ 14ರಂದು ರಾಜೀನಾಮೆ ಕೊಡುವಾಗ, ನಿಷ್ಠಾವಂತ ಕ್ರೈಸ್ತನಾಗಿಯೂ ಇದ್ದು ಪಕ್ಷದ ನಾಯಕನಾಗಿಯೂ ಇರುವುದು ಆಗದ ಮಾತು ಎಂದರು. ಉದಾರವಾದವನ್ನು ಹೆಸರಿನಲ್ಲೇ ಹೊತ್ತ ಪಕ್ಷದಲ್ಲಿ ಇಷ್ಟಾಯಿತು.

ಸ್ಕಾಟ್ಲೆಂಡಿನ ಕೇಟ್ ಫೋರ್ಬ್ಸ್ ಇನ್ನೂ ದೊಡ್ಡ ಅಪರಾಧ ಮಾಡಿದರು: ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟರು. 2023ರಲ್ಲಿ ಸ್ಕಾಟಿಷ್ ನ್ಯಾಷನಲ್ ಪಕ್ಷದ ನಾಯಕತ್ವಕ್ಕೆ ನಿಂತಾಗ, ತಾನು 2014ರಲ್ಲಿ ಶಾಸಕಿಯಾಗಿದ್ದರೆ ಸಲಿಂಗ ವಿವಾಹದ ಮಸೂದೆಯ ವಿರುದ್ಧ ಮತ ಹಾಕುತ್ತಿದ್ದೆ, ಆದರೆ ಈಗಿರುವ ಕಾನೂನನ್ನು ಮುಟ್ಟುವುದಿಲ್ಲ ಎಂದುಬಿಟ್ಟರು. ಬೆಂಬಲಿಸಿದವರು ಒಬ್ಬೊಬ್ಬರಾಗಿ ಜಾರಿಕೊಂಡರು. ಗೆದ್ದವರು ಹಮ್ಜಾ ಯೂಸುಫ್, ನೂರಕ್ಕೆ 52.1 ಮತ. 2014ರಲ್ಲಿ ಆ ಮಸೂದೆಯ ಅಂತಿಮ ಮತದಾನ ನಡೆಯುವಾಗ ಯೂಸುಫ್ ಬೇರೊಂದು ಮೀಟಿಂಗಿನಲ್ಲಿದ್ದರು. ನಂಬಿಕೆಯುಳ್ಳ ರಾಜಕಾರಣಿಗೆ ಒಳ್ಳೆಯ ಡೈರಿ ಇಡುವವರೊಬ್ಬರು ಜೊತೆಗಿರಬೇಕು ಎಂಬ ಪಾಠವನ್ನು ಫೋರ್ಬ್ಸ್ ತಡವಾಗಿ ಕಲಿತಿರಬೇಕು. ಅವರ ನಿಲುವು ನನಗೆ ಒಪ್ಪಿಗೆಯಿಲ್ಲ. ಆದರೆ ಮನಸ್ಸಿನಲ್ಲಿರುವುದನ್ನು ಹೇಳಿದವರು ಸೋತು, ಹೇಳದವರೆಲ್ಲ ಪ್ರಗತಿಪರರೆನಿಸಿಕೊಳ್ಳುವ ಆಟ ಒಪ್ಪಿಗೆಯಾಗುವುದು ಇನ್ನೂ ಕಷ್ಟ. 2024ರಲ್ಲಿ ದಯಾಮರಣದ ಮಸೂದೆ ಚರ್ಚೆಗೆ ಬಂದಾಗಲೂ ಇದೇ ನಡೆಯಿತು. ವಿರೋಧಿಸಿದ ಮಂತ್ರಿ ಶಬಾನಾ ಮಹಮೂದ್ ತಮ್ಮ ಧಾರ್ಮಿಕ ನಂಬಿಕೆಯನ್ನು ಇತರರ ಮೇಲೆ ಹೇರಬಾರದು ಎಂದರು ಮಸೂದೆಯ ಪರವಾಗಿದ್ದ ಲಾರ್ಡ್ ಫಾಲ್ಕನರ್. ದೇವರನ್ನು ನಂಬುವವರು ಮಾಡಿದರೆ ಹೇರಿಕೆ, ನಂಬದವರು ಮಾಡಿದರೆ ಆತ್ಮಸಾಕ್ಷಿ.

ಇಷ್ಟು ಹೇಳಿ ಬಲಪಂಥದವರನ್ನು ಹಾಗೇ ಬಿಟ್ಟರೆ ಅವರಿಗೆ ಬೇಜಾರಾದೀತು. ಕ್ರೈಸ್ತ ದೇಶ ಎಂದು ಎದೆ ತಟ್ಟಿಕೊಳ್ಳುವವರಿಗೆ ಚರ್ಚು ಬೇಕು, ಚರ್ಚು ಬಾಯಿ ಬಿಡಬಾರದು. ಫಾಕ್‌ಲ್ಯಾಂಡ್ ಯುದ್ಧ ಗೆದ್ದ 1982ರಲ್ಲಿ ಕೃತಜ್ಞತಾ ಪ್ರಾರ್ಥನೆ ನಡೆಸಿದ ಆರ್ಚ್‌ಬಿಷಪ್ ರನ್ಸಿ ಸತ್ತ ಅರ್ಜೆಂಟೀನಾದವರಿಗೂ ಪ್ರಾರ್ಥಿಸಿದರು. ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಬಳಗ ಕೆಂಡವಾಯಿತು. ವೈರಿಯನ್ನೂ ಪ್ರೀತಿಸಬೇಕು ಎಂಬುದು ಪುಸ್ತಕದಲ್ಲಿರುವುದು ಸರಿ, ಅದನ್ನು ಇಷ್ಟು ಅಕ್ಷರಶಃ ತೆಗೆದುಕೊಳ್ಳುವುದೇ? 2022ರ ಈಸ್ಟರಿನಲ್ಲಿ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ, ಆಶ್ರಯ ಬೇಡಿ ಬಂದವರನ್ನು ರುವಾಂಡಾಕ್ಕೆ ಸಾಗಹಾಕುವುದು ದೇವರಿಗೆ ಒಪ್ಪುವಂಥದ್ದಲ್ಲ ಎಂದರೆ, ಅವರಿಗೆ ಯೋಜನೆ ಅರ್ಥವಾಗಿಲ್ಲ ಎಂದರು ಸರ್ಕಾರದವರು. ದೇವರ ವಿಷಯ ಬಿಷಪ್ಪರಿಗಿಂತ ಗೃಹ ಇಲಾಖೆಗೆ ಚೆನ್ನಾಗಿ ಗೊತ್ತು.

ಥ್ಯಾಚರ್ ಬೈಬಲ್ ಓದಿಕೊಂಡವರೇ. ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಒಳ್ಳೆಯ ಸಮಾರ್ಯದವನನ್ನು ಜಗತ್ತು ನೆನಪಿಟ್ಟುಕೊಂಡದ್ದು ಅವನ ಕರುಣೆಗಷ್ಟೇ ಅಲ್ಲ, ಕೈಯಲ್ಲಿ ಕಾಸೂ ಇತ್ತು ಎಂಬ ವ್ಯಾಖ್ಯಾನ ಅವರದು. 1988ರ ಮೇ 21ರಂದು ಎಡಿನ್‌ಬರೋಗೆ ಹೋಗಿ ಸ್ಕಾಟ್ಲೆಂಡಿನ ಚರ್ಚಿನ ಮಹಾಸಭೆಗೇ ಪ್ರವಚನ ಕೊಟ್ಟರು: ದುಡಿಯದವನಿಗೆ ಊಟವಿಲ್ಲ ಎಂದು ಸಂತ ಪೌಲನೇ ಹೇಳಿದ್ದಾನೆ, ಸಂಪತ್ತು ಗಳಿಸುವುದು ತಪ್ಪಲ್ಲ. ಗಣಿಗಳೂ ಕಾರ್ಖಾನೆಗಳೂ ಮುಚ್ಚಿ ದುಡಿಯಲು ಕೆಲಸವೇ ಇಲ್ಲದೆ ಕೂತ ಸ್ಕಾಟ್ಲೆಂಡಿನ ಊರುಗಳ ಪಾದ್ರಿಗಳು ಎದುರಿಗೆ ಕೂತು ಕೇಳಿದರು. ಭಾಷಣ ಮುಗಿಯಿತು. ಸಭೆಯ ಅಧ್ಯಕ್ಷರು ಎದ್ದು, ಮರ್ಯಾದೆಯಿಂದ ಪ್ರಧಾನಿಯ ಕೈಗೆ ಚರ್ಚು ಸಿದ್ಧಪಡಿಸಿದ್ದ ಬಡತನದ ವರದಿ, ವಸತಿಯ ವರದಿಗಳನ್ನಿಟ್ಟರು. ಸಭೆಯಲ್ಲಿ ನಗು ಎದ್ದಿತು. ಧರ್ಮವೂ ರಾಜಕೀಯವೂ ಮುಖಾಮುಖಿಯಾದಾಗ ಇಷ್ಟು ಸೊಗಸಾಗಿ ಕಪಾಳಕ್ಕೆ ಬಿದ್ದದ್ದು ನಾನು ಓದಿದ್ದರಲ್ಲಿ ಕಡಿಮೆ.

ಹಾಗೆಂದು ಬಿಷಪ್ಪರ ಉಪದೇಶವೆಲ್ಲ ಅಪರಂಜಿ ಎಂದುಕೊಳ್ಳಬೇಕಿಲ್ಲ. ಬಡವರಿಗೆ ವಿಪರೀತ ಬಡ್ಡಿಗೆ ಕೈಸಾಲ ಕೊಡುತ್ತಿದ್ದ ವೋಂಗಾ ಕಂಪನಿಯನ್ನು ಪೈಪೋಟಿಯಲ್ಲೇ ಮುಳುಗಿಸುತ್ತೇವೆ ಎಂದು 2013ರಲ್ಲಿ ವೆಲ್ಬಿ ಗುಡುಗಿದರು. ಗುಡುಗು ಅಡಗುವ ಮುಂಚೆಯೇ, ಚರ್ಚಿನದೇ ಹಣ ಸುತ್ತಿ ಬಳಸಿ ಅದೇ ಕಂಪನಿಯಲ್ಲಿ ಹೂಡಿಕೆಯಾಗಿರುವುದು ಬಯಲಾಯಿತು. ಅದು ನಗುವ ಸಂಗತಿ. 2024ರ ನವೆಂಬರಿನಲ್ಲಿ ಅವರು ರಾಜೀನಾಮೆ ಕೊಡಬೇಕಾಗಿ ಬಂದದ್ದು ನಗುವ ಸಂಗತಿಯಲ್ಲ: ಕ್ರೈಸ್ತ ಶಿಬಿರಗಳಿಗೆ ಬಂದ ಹುಡುಗರನ್ನು ವರ್ಷಗಟ್ಟಲೆ ಹಿಂಸಿಸಿದವನ ವಿಚಾರವನ್ನು ಗಟ್ಟಿಯಾಗಿ ಬೆನ್ನು ಹತ್ತಲಿಲ್ಲ ಎಂಬುದು ಅವರ ಮೇಲಿದ್ದ ಆರೋಪ. ಅವರು ಹೋದರೂ ಮೇಲ್ಮನೆಯಲ್ಲಿ ಬಿಷಪ್ಪರಿಗೆ ಮೀಸಲಾದ 26 ಕುರ್ಚಿಗಳು ಅಲುಗಲಿಲ್ಲ. ಅದೇ ವರ್ಷ ಲೇಬರ್ ಸರ್ಕಾರ ವಂಶಪಾರಂಪರ್ಯದ ಲಾರ್ಡುಗಳನ್ನು ಮನೆಗೆ ಕಳಿಸುವ ಮಸೂದೆ ತಂದಿತು, ಬಿಷಪ್ಪರನ್ನು ಮುಟ್ಟಲಿಲ್ಲ.

ನಡುವೆ ಚಾಕೊಲೇಟಿನ ಧರ್ಮಯುದ್ಧವೊಂದು ನಡೆಯಿತು. 2017ರ ಏಪ್ರಿಲಿನಲ್ಲಿ ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಮತ್ತು ಕ್ಯಾಡ್‌ಬರಿ ಮಕ್ಕಳಿಗಾಗಿ ಏರ್ಪಡಿಸಿದ ಮೊಟ್ಟೆ ಹುಡುಕುವ ಆಟದ ಹೆಸರಿನಿಂದ ಈಸ್ಟರ್ ಎಂಬ ಮಾತು ಬಿದ್ದುಹೋಗಿತ್ತು. ಪಾದ್ರಿಯ ಮಗಳಾದ ಪ್ರಧಾನಿ ಥೆರೇಸಾ ಮೇ ಆಗ ಪಶ್ಚಿಮ ಏಷ್ಯಾದ ಪ್ರವಾಸದಲ್ಲಿದ್ದರು. ಮುಂದಿನ ಊರು ಸೌದಿ ಅರೇಬಿಯಾ, ಒಂದೇ ಒಂದು ಚರ್ಚಿಗೂ ಅನುಮತಿ ಇಲ್ಲದ ದೇಶ. ದಾರಿಯಲ್ಲೇ ಇಂಗ್ಲೆಂಡಿನ ಮೊಟ್ಟೆಯ ಬಗ್ಗೆ ಕಿಡಿಕಾರಿದರು. ಇದು ಕ್ಯಾಡ್‌ಬರಿಯವರ ಸಮಾಧಿಯ ಮೇಲೆ ಉಗುಳಿದಂತೆ ಎಂದರು ಯಾರ್ಕಿನ ಆರ್ಚ್‌ಬಿಷಪ್ ಸೆಂಟಾಮು. ಕ್ಯಾಡ್‌ಬರಿ ಕುಟುಂಬ ಕ್ವೇಕರ್ ಪಂಥದ್ದು. ಕ್ವೇಕರರಿಗೆ ಈಸ್ಟರ್ ಹಬ್ಬ ಆಚರಿಸುವ ಸಂಪ್ರದಾಯವೇ ಇಲ್ಲ.

ಈಗ ಮೊಟ್ಟೆಯ ಜಾಗಕ್ಕೆ ಶಿಲುಬೆ ಬಂದಿದೆ. 2025ರ ಸೆಪ್ಟೆಂಬರ್ 13ರಂದು ತೀವ್ರ ಬಲಪಂಥದ ಟಾಮಿ ರಾಬಿನ್ಸನ್ ಲಂಡನ್ನಿನಲ್ಲಿ ಕರೆದ ವಲಸೆ ವಿರೋಧಿ ಮೆರವಣಿಗೆಯಲ್ಲಿ ಬಾವುಟಗಳ ನಡುವೆ ಮರದ ಶಿಲುಬೆಗಳೂ ಕಂಡವು. ವಲಸಿಗರಿಂದ ಕ್ರೈಸ್ತ ಇಂಗ್ಲೆಂಡನ್ನು ಉಳಿಸಬೇಕಂತೆ. ಇತ್ತ ಲಂಡನ್ನಿನ ಚರ್ಚುಗಳಲ್ಲಿ ಭಾನುವಾರ ಬೆಂಚು ತುಂಬಿಸುವವರಲ್ಲಿ ನೈಜೀರಿಯಾದವರು, ಘಾನಾದವರು, ಗೋವಾದವರು, ಕೇರಳದ ನರ್ಸುಗಳು ಎಷ್ಟೋ ಮಂದಿ. ಪ್ರೆಸ್ಟನ್ ಊರಿನಲ್ಲಿ 2014ರಲ್ಲಿ ಬಾಗಿಲು ಮುಚ್ಚಿದ್ದ ಸಂತ ಇಗ್ನೇಷಿಯಸ್ ಚರ್ಚನ್ನು ಸೀರೋ ಮಲಬಾರ್ ಸಭೆಯ ಮಲಯಾಳಿಗಳು ಮತ್ತೆ ತೆರೆದರು. 2016ರಲ್ಲಿ ಅದು ಕೇರಳದ ಸಂತ ಅಲ್ಫೋನ್ಸಾ ಹೆಸರಿನ ಕ್ಯಾಥೆಡ್ರಲ್ ಆಯಿತು. ಧರ್ಮ ಉಳಿಸಲು ಬಂದವರನ್ನೇ ಓಡಿಸಿ ಧರ್ಮ ಉಳಿಸುವ ಯೋಜನೆ ಇದು.

ಅಂದಿನ ಮೆರವಣಿಗೆಯಲ್ಲಿ 1,10,000ದಿಂದ 1,50,000 ಜನ ಇದ್ದರೆಂದು ಪೊಲೀಸರು ಅಂದಾಜು ಮಾಡಿದರು. ಅದು ಶನಿವಾರ. ಅಷ್ಟು ಜನರಲ್ಲಿ ಮರುದಿನ ಬೆಳಿಗ್ಗೆ ಚರ್ಚಿನ ಮೆಟ್ಟಿಲು ಹತ್ತಿದವರು ಎಷ್ಟು ಎಂದು ಎಣಿಸಲು ಪೊಲೀಸರನ್ನು ಯಾರೂ ಹಾಕಿರಲಿಲ್ಲ. ಅಂಥ ಬಂದೋಬಸ್ತು ಬೇಕಾಗುವಷ್ಟು ನೂಕುನುಗ್ಗಲು ಆದ ಸುದ್ದಿಯಂತೂ ಬರಲಿಲ್ಲ.