ಘೋಷಣಾ ಮೀಮಾಂಸೆ (ಡಾಕ್‌ಲ್ಯಾಂಡ್ಸ್ ಭಾಷ್ಯ ಸಹಿತ)

ಅಥ ಘೋಷಣಾ ವಿಚಾರಃ. ವೈದ್ಯಕೀಯ ಸಂಶೋಧನಾ ಲೇಖನದ ಬಾಲದಲ್ಲಿ, ಧನಸಹಾಯ ಕೊಟ್ಟವರ ಸ್ಮರಣೆಗೂ ಉಲ್ಲೇಖಗಳ ಪಟ್ಟಿಗೂ ನಡುವೆ, ‘ಕೃತಕ ಬುದ್ಧಿಮತ್ತೆಯ ನೆರವು ಪಡೆದಿದ್ದೇವೆ’ ಎಂದು ಸಣ್ಣಕ್ಷರದಲ್ಲಿ ಒಪ್ಪಿಕೊಳ್ಳುವ ಕ್ರಿಯೆಗೆ ಘೋಷಣೆಯೆಂದು ಹೆಸರು.

ಇದರ ಆದಿಪುರುಷ ಕನ್ನಡ ಭಾರತ ಬರೆದ ಗದುಗಿನ ನಾರಣಪ್ಪ. ಕವಿ ಗದುಗಿನ ದೇವರು ವೀರನಾರಾಯಣ, ತಾನು ಬರೀ ಲಿಪಿಕಾರ ಎಂದು ಆರಂಭದಲ್ಲೇ ತಿಳಿಸಿದ. ಹಲಗೆ ಬಳಪ ಮುಟ್ಟಲಿಲ್ಲವೆಂದು ವಿಧಾನವನ್ನೂ ಬಿಚ್ಚಿಟ್ಟ. ಆದರೆ ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ 2023ರ ಮೇ ತಿಂಗಳಲ್ಲಿ ಹೇಳಿದ ಪ್ರಕಾರ, ಬರಹಕ್ಕೆ ಹೊಣೆ ಹೊರಲಾರದ ಯಂತ್ರ ಲೇಖಕನಾಗದು. ಬಳಸಿದ್ದರೆ ಸಂಪಾದಕರಿಗೆ ಬರೆಯುವ ಪತ್ರದಲ್ಲೂ ಲೇಖನದಲ್ಲೂ ಹೇಳಬೇಕು. ಇದೇ ತರ್ಕ ಹಿಡಿದರೆ ವೀರನಾರಾಯಣನೂ ಮೊದಲ ಸುತ್ತಿನಲ್ಲೇ ಬೀಳುತ್ತಾನೆ. ಇಮೇಲ್ ವಿಳಾಸವಿಲ್ಲ, ಹಿತಾಸಕ್ತಿ ಫಾರಂಗೆ ಸಹಿಯಿಲ್ಲ. ಚಾಟ್‌ಜಿಪಿಟಿಗೂ ಅದೇ ಗತಿಯಾಯಿತು: ಅಮೆರಿಕದ ವೈದ್ಯರ ಪರವಾನಗಿ ಪರೀಕ್ಷೆಯಲ್ಲಿ ಅದರ ಸಾಧನೆ ಅಳೆದ ಪ್ರಬಂಧದ ಕರಡಿನಲ್ಲಿ ಲೇಖಕರ ಪಂಕ್ತಿಯಲ್ಲಿ ಕೂತಿತ್ತು, 2023ರ ಫೆಬ್ರವರಿಯಲ್ಲಿ ಪ್ರಕಟವಾಗುವಷ್ಟರಲ್ಲಿ ಪಂಕ್ತಿಯಿಂದ ಎಬ್ಬಿಸಿದ್ದರು.

ಘೋಷಿಸಿದರೆ ದೋಷ ಪರಿಹಾರವಾಗುತ್ತದೆ ಎಂಬುದು ಪೂರ್ವಪಕ್ಷ. ಇದಕ್ಕೆ ಉತ್ತರವಾಗಿ ಮೂಷಕಾಧಿಕರಣ. 2024ರ ಫೆಬ್ರವರಿಯಲ್ಲಿ ಫ್ರಾಂಟಿಯರ್ಸ್ ಸಂಸ್ಥೆಯ ಜೀವಕೋಶ ವಿಜ್ಞಾನ ಪತ್ರಿಕೆಯೊಂದರಲ್ಲಿ ಒಂದು ಇಲಿಯ ಚಿತ್ರ ಬಂತು. ಕೂತ ಇಲಿಗಿಂತ ಅದರ ಜನನಾಂಗವೇ ಎತ್ತರ. ಭಾಗಗಳ ಹೆಸರುಗಳು ಯಾವ ಭಾಷೆಗೂ ಸೇರದವು. ಚಿತ್ರ ಮಿಡ್‌ಜರ್ನಿ ಎಂಬ ಯಂತ್ರದ್ದೆಂದು ಲೇಖಕರು ಪ್ರಾಮಾಣಿಕವಾಗಿ ಬರೆದಿದ್ದರು. ವಿಮರ್ಶಕರೊಬ್ಬರು ಚಿತ್ರಗಳ ಬಗ್ಗೆ ಆಕ್ಷೇಪಿಸಿದ್ದರೂ ಲೇಖನ ಪಾಸಾಗಿತ್ತು. ಮೂರೇ ದಿನಕ್ಕೆ ಲೇಖನ ವಾಪಸಾಯಿತು. ಘೋಷಣೆಯಲ್ಲಿ ಲೋಪವಿರಲಿಲ್ಲ, ಇಲಿಯಲ್ಲಿತ್ತು.

ಅದೇ ವರ್ಷ ರೇಡಿಯಾಲಜಿ ಕೇಸ್ ರಿಪೋರ್ಟ್ಸ್‌ನಲ್ಲಿ ನಾಲ್ಕು ತಿಂಗಳ ಹಸುಗೂಸಿನ ಯಕೃತ್ತಿನ ರಕ್ತನಾಳಗಳ ಗಾಯದ ವರದಿ ಬಂತು. ಚರ್ಚೆಯ ನಡುವೆ ವಾಕ್ಯವೊಂದು ತಟ್ಟನೆ ಮುರಿದು, ತಾನೊಂದು ಭಾಷಾ ಮಾದರಿ, ಈ ರೋಗಿಯ ಮಾಹಿತಿ ತನ್ನ ಬಳಿಯಿಲ್ಲ ಎಂದು ಯಂತ್ರ ಕ್ಷಮೆ ಕೇಳಿತ್ತು. ಲೇಖಕರು, ವಿಮರ್ಶಕರು, ಸಂಪಾದಕರು ದಾಟಿಸಿದ ಆ ಪುಟದಲ್ಲಿ ಯಾರೂ ಕೇಳದೆ ನಿಜ ನುಡಿದದ್ದು ಅದೊಂದೇ. (ಹೊಣೆಗಾರಿಕೆಯೇ ಲೇಖಕನ ಲಕ್ಷಣವಾದರೆ ಸಮಿತಿ ಮತ್ತೊಮ್ಮೆ ಸಭೆ ಸೇರುವುದು ಒಳ್ಳೆಯದು.)

ಇನ್ನು ಡಾಕ್‌ಲ್ಯಾಂಡ್ಸ್ ಭಾಷ್ಯ. ಮೆಲ್ಬರ್ನ್‌ನ ಈ ಬಂದರುಕಟ್ಟೆಯ ದೈತ್ಯ ಚಕ್ರ 2008ರ ಡಿಸೆಂಬರಿನಲ್ಲಿ ತಿರುಗತೊಡಗಿ, 40 ದಿನಕ್ಕೆ ಬಿರುಕು ಬಿಟ್ಟು ನಿಂತು, 2013ರಲ್ಲಿ ಮತ್ತೆ ತಿರುಗಿ, 2021ರಲ್ಲಿ ಬಾಗಿಲು ಹಾಕಿತು. ಘೋಷಣೆಯ ನಿಯಮವೂ ಹಾಗೆ, ಊರಿಗೆಲ್ಲ ಕಾಣುತ್ತದೆ, ಹತ್ತಿದವರು ಕಡಿಮೆ. ಅಮೆರಿಕದ ಕ್ಯಾನ್ಸರ್ ಸಂಶೋಧನಾ ಸಂಘ ತನ್ನ ಪತ್ರಿಕೆಗಳಿಗೆ 2024ರಲ್ಲಿ ಬಂದ ಸಾರಾಂಶಗಳನ್ನು ಸೋಸಿದಾಗ ಶೇ. 23ರಲ್ಲಿ ಯಂತ್ರದ ಜಾಡು ಸಿಕ್ಕಿತು. ಹೇಳಲೇಬೇಕೆಂಬ ನಿಯಮವಿದ್ದರೂ ಹೇಳಿಕೊಂಡವರು ಕಾಲುಭಾಗಕ್ಕಿಂತ ಕಡಿಮೆ.

ಸಿಡ್ನಿ ಶಾಖೆಯವರು ಇನ್ನೂ ಮುಂದೆ ಹೋಗಿ ಮರಣೋತ್ತರ ಘೋಷಣೆಯನ್ನು ಕಂಡುಹಿಡಿದರು. 2023ರಲ್ಲಿ ಪ್ರಾಧ್ಯಾಪಕರ ಗುಂಪೊಂದು ಗೂಗಲ್‌ನ ಬಾರ್ಡ್ ಯಂತ್ರ ಹೆಣೆದ ಹಗರಣಗಳನ್ನು ಡೆಲಾಯ್ಟ್ ಮುಂತಾದ ಲೆಕ್ಕಪತ್ರ ಸಂಸ್ಥೆಗಳ ತಲೆಗೆ ಕಟ್ಟಿ ಆಸ್ಟ್ರೇಲಿಯಾದ ಸೆನೆಟ್‌ಗೆ ಸಲ್ಲಿಸಿ, ಆಮೇಲೆ ಕ್ಷಮೆ ಕೇಳಿತು. 2025ರಲ್ಲಿ ಡೆಲಾಯ್ಟ್ ಆ ಋಣ ತೀರಿಸಿತು: ನಿರುದ್ಯೋಗಿಗಳಿಗೆ ದಂಡ ಹಾಕುವ ವ್ಯವಸ್ಥೆಯ ಮೇಲೆ ಸರ್ಕಾರಕ್ಕೆ ಸುಮಾರು 4,40,000 ಡಾಲರಿನ ವರದಿ, ಅದರೊಳಗೆ ಯಾರೂ ಬರೆಯದ ಪುಸ್ತಕಗಳು, ನ್ಯಾಯಾಲಯ ಆಡದ ಮಾತು. ಹಿಡಿದವರು ಸಿಡ್ನಿ ವಿಶ್ವವಿದ್ಯಾಲಯದ ಆರೋಗ್ಯ ಕಾನೂನು ಸಂಶೋಧಕ ಕ್ರಿಸ್ ರಡ್ಜ್. ಅವರು ಮಾಡಿದ ಅಪಚಾರ ಇಷ್ಟೇ, ವರದಿಯನ್ನು ಓದಿದರು. ಸಂಸ್ಥೆ ಹಣದಲ್ಲಿ ಒಂದು ಪಾಲು ಮರಳಿಸಿತು. ಪರಿಷ್ಕೃತ ಪ್ರತಿಯಲ್ಲಿ ಯಂತ್ರದ ಹೆಸರು ಒಳಗೆ ಬಂತು, ಇಲ್ಲದ ಪುಸ್ತಕಗಳು ಹೊರಗೆ ಹೋದವು. ಅವುಗಳೊಂದಿಗೆ ಬಂದಿದ್ದ ಶಿಫಾರಸುಗಳಲ್ಲಿ ಒಂದೂ ಬದಲಾಗಲಿಲ್ಲ.