ಲಟ್ಟಣಿಗಿಯಿಂದ ಲೇಖನಿಗೆ

ಗೋಕಾಕದವರಿಗೆ ಕಟ್ಟಿಗೆ ಕೆಲಸ ಹೊಸದಲ್ಲ. ಇಲ್ಲಿಯ ಜೀನಗಾರರು ಹಗುರ ಕಟ್ಟಿಗೆ ಕೆತ್ತಿ ಬಣ್ಣ ಬಳಿದ ಹಣ್ಣಿಗೆ ಕೈ ಹಾಕಿ ಪೆಚ್ಚಾದ ಅತಿಥಿಗಳು ಎಷ್ಟೋ! ಆದರೆ ಅದು ಕೆತ್ತನೆ. ಲೇತಿನ ಮೇಲೆ ಕಡೆಯುವುದು ಚನ್ನಪಟ್ಟಣದವರ ವಿದ್ಯೆ. ನಿವೃತ್ತಿಯಾದ ನನಗೆ ಹಿಡಿದದ್ದು ಈ ಎರಡನೆಯ ಹುಚ್ಚು. ಅದರಲ್ಲೂ ಪೆನ್ನು ಕಡೆಯುವುದು.

ಕೇಳಲು ಸುಲಭ. ಕಟ್ಟಿಗೆ ತುಂಡಿಗೆ 7 ಮಿಲಿಮೀಟರ್ ತೂತು, ಒಳಗೆ ಹಿತ್ತಾಳೆ ಕೊಳವೆ, ಅಂಟು, ಮೇಲೆ ಉಳಿ, ಕೊನೆಗೆ ಮೇಣ. ತುಸು ಹೆಚ್ಚು ಕಡೆದೆವೋ, ಒಳಗಿನ ಹಿತ್ತಾಳೆ ಇಣುಕುತ್ತದೆ. ನನ್ನ ಮೊದಲ ಮೂರೂ ಇಣುಕಿದವು. ಹೆದರಿ ನಾಲ್ಕನೆಯದನ್ನು ದಪ್ಪಗೇ ಬಿಟ್ಟೆ. ಮನೆಯಾಕೆ ತಿರುಗಿಸಿ ನೋಡಿ, "ಲಟ್ಟಣಿಗಿ ಚಲೋ ಆಗೇತ್ರೀ, ಸ್ವಲ್ಪ ಉದ್ದ ಇರಬೇಕಿತ್ತು" ಅಂದಳು.

ಐದನೆಯದು, ಬೇವಿನದು, ಪೆನ್ನೇ ಆಯಿತು. ಮೂಡಲಗಿಯ ಅಳಿಯ "ಮಾವಾರ, ಭಾಳ ಚಂದ ಐತ್ರಿ" ಎಂದು ಕಿಸೆಗೆ ಸಿಕ್ಕಿಸಿಕೊಂಡ. ಸಂತೆಯ ಪಟ್ಟಿಯನ್ನು ಮಾತ್ರ ಫೋನಿನಲ್ಲೇ ಬರೆದುಕೊಂಡ.

ಆರನೆಯದನ್ನು ಡಬ್ಬಿಯಲ್ಲಿಟ್ಟು ಹುಕ್ಕೇರಿಯ ಬೀಗರಿಗೆ ಒಯ್ದೆ. ಗೋಕಾಕದಿಂದ ಬಂದವನ ಕೈಯಲ್ಲಿ ಡಬ್ಬಿ ಎಂದರೆ ಕರದಂಟೇ ತಾನೆ? ಆಸೆಯಿಂದ ಬಿಚ್ಚಿದರು. ಪೆನ್ನನ್ನು ಬದಿಗಿಟ್ಟು ಬಹಳ ಹೊತ್ತು ಡಬ್ಬಿಯ ತಳ ತಡಕುತ್ತಿದ್ದರು.