ಉಡುಪಿ ಸೀಮೆಯ ಕರ್ನಲ್ ಮೀಮಾಂಸೆ

ಲಿನಕ್ಸ್ ಕರ್ನಲ್ಲನ್ನು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದನೆಂಬುದು ಲೋಕರೂಢಿ. ಶಾಸ್ತ್ರ ಬಲ್ಲವರು ಒಪ್ಪಲಾರರು. ತತ್ತ್ವ ಹದಿಮೂರನೆಯ ಶತಮಾನದಲ್ಲೇ ಉಡುಪಿಯಲ್ಲಿ ಸಿದ್ಧವಾಗಿತ್ತು, ಫಿನ್ಲೆಂಡಿನಲ್ಲಿ ಆದದ್ದು ಬರೀ ಟೈಪಿಂಗ್ ಎಂಬುದೇ ಈ ಪ್ರಬಂಧದ ಪ್ರತಿಜ್ಞೆ.

ಪ್ರಮಾಣ? ಮಧ್ವಾಚಾರ್ಯರ ಪಂಚಭೇದ. ಈಶ್ವರನ ಜಾಗದಲ್ಲಿ ಕರ್ನಲ್, ಜೀವದ ಜಾಗದಲ್ಲಿ ಪ್ರೋಗ್ರಾಂ, ಜಡದ ಜಾಗದಲ್ಲಿ ಹಾರ್ಡ್‌ವೇರ್ ಇಟ್ಟು ನೋಡಿ. ಜೀವ ಈಶ್ವರನಲ್ಲ, ಪ್ರೋಗ್ರಾಂ ಕರ್ನಲ್ಲಿನ ಮೆಮೊರಿ ಮುಟ್ಟುವಂತಿಲ್ಲ. ಜೀವಜೀವಕ್ಕೂ ಭೇದ, ಒಂದರ ಪುಟ ಇನ್ನೊಂದಕ್ಕೆ ಕಾಣದು. ಜೀವಕ್ಕೆ ಜಡದ ಸೇವೆ ಬೇಕೆಂದರೆ ಸಿಸ್ಟಂ ಕಾಲ್ ಎಂಬ ಪ್ರಾರ್ಥನೆ ಸಲ್ಲಿಸಬೇಕು. ತಾರತಮ್ಯವೂ ಉಂಟು: ನೈಸ್ ಮೌಲ್ಯ ಮೈನಸ್ 20ರಿಂದ 19ರ ತನಕ. ಈ ಯಾವ ಭೇದವೂ ಇಲ್ಲದೆ ಎಲ್ಲವೂ ಒಂದೇ ಮೆಮೊರಿಯಲ್ಲಿ ಲೀನವಾಗಿದ್ದ ಡಾಸ್ ಅಪ್ಪಟ ಅದ್ವೈತಿ. ಅದು ದಿನಕ್ಕೆಷ್ಟು ಸಲ ಸಮಾಧಿಗೆ ಹೋಗುತ್ತಿತ್ತೆಂದು ಆ ಕಾಲದವರನ್ನೇ ಕೇಳಿ.

ಇನ್ನು ಪೂರ್ವಪಕ್ಷ. ಎಲ್ಲವನ್ನೂ ಒಂದೇ ಗಟ್ಟಿಯಾಗಿ ಕಟ್ಟುವ ಲಿನಕ್ಸ್ ಕಾಲ ಮೀರಿದ್ದೆಂದು ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಟನೆನ್‌ಬಾಮ್ 1992ರಲ್ಲಿ ಖಂಡಿಸಿದರು. ಕಾರ್ಕಳ ನೋಡಿದವರ ಮಾತಲ್ಲ ಇದು. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಏಕಶಿಲೆಯ ಗೊಮ್ಮಟ ಇವತ್ತಿಗೂ ರೀಬೂಟ್ ಕೇಳಿಲ್ಲ. ಮೈಗೆ ಹಬ್ಬಿದ ಬಳ್ಳಿಯೇ ಮಾಡ್ಯೂಲ್. ಆಮೇಲೆ ಬಂದು ಸುತ್ತಿಕೊಂಡಂತೆ ಕಾಣುತ್ತದೆ, ಕಲ್ಲು ಮಾತ್ರ ಒಂದೇ. ಮಾಡ್ಯೂಲೂ ಕರ್ನಲ್ಲಿನದೇ ಮೆಮೊರಿಯಲ್ಲಿ ಓಡುವುದರಿಂದ ಬಳ್ಳಿ ಬಿರಿದರೆ ಮೂರ್ತಿಗೂ ಅಪಾಯ.

ಷೆಡ್ಯೂಲರ್ ವಿಷಯದಲ್ಲಿ ವಾದಕ್ಕೇ ಎಡೆಯಿಲ್ಲ. ಉಡುಪಿಯಲ್ಲಿ ಎಂಟು ಮಠ, ಸರದಿಯ ಪೂಜೆ, ಶುದ್ಧ ರೌಂಡ್ ರಾಬಿನ್. ಎರಡೆರಡು ತಿಂಗಳ ಪಾಳಿಯನ್ನು ವಾದಿರಾಜರು ಹದಿನಾರನೆಯ ಶತಮಾನದಲ್ಲಿ ಎರಡು ವರ್ಷಕ್ಕೇರಿಸಿದರು. ಪಾಳಿ ಬದಲಿಸುವುದರಲ್ಲೇ ಶ್ರಮ ವ್ಯಯವಾಗಬಾರದೆಂದು ಸರ್ವರ್‌ನವರು ಕಾನ್ಫಿಗ್‌ನಲ್ಲಿ 1000 ಹರ್ಟ್ಜ್ ಬಿಟ್ಟು 100 ಆರಿಸುವುದೂ ಇದೇ ನ್ಯಾಯದಿಂದ. ಪೀಠದಲ್ಲಿದ್ದವರನ್ನು ನಡುವೆ ಎಬ್ಬಿಸುವ ಕ್ರಮವಿಲ್ಲವಾದ್ದರಿಂದ ಪ್ರಿಎಂಪ್ಷನ್‌ಗೆ ‘ಬೇಡ’ ಎಂದೇ ಗುರುತು ಹಾಕತಕ್ಕದ್ದು.

ಇಷ್ಟು ತತ್ತ್ವ. ಕರ್ನಲ್ಲನ್ನು ಕೈಯಾರೆ ಕಟ್ಟುವ ವಿಧಿ ಮಣಿಪಾಲದ ಹಾಸ್ಟೆಲ್ ಕೋಣೆಗೆ ಸೇರಿದ್ದು. ಮೇಕ್ ಮೆನುಕಾನ್ಫಿಗ್ ಎಂದೊಡನೆ ಸಾವಿರಾರು ಪ್ರಶ್ನೆ ಎದ್ದು ನಿಲ್ಲುತ್ತವೆ. ವೈ ಎಂದರೆ ಗರ್ಭಗುಡಿಯೊಳಗೆ, ಎಂ ಎಂದರೆ ಕರೆದಾಗ ಬರಲಿ, ಎನ್ ಎಂದರೆ ಬರಲೇಬೇಡ. ಗುರುತಿಲ್ಲದ್ದಕ್ಕೆಲ್ಲ ಎನ್ ಒತ್ತುವ ಶಿಷ್ಯನಿಗೆ ರೀಬೂಟಾದ ಮೇಲೆ ವೈ-ಫೈ ಇರುವುದಿಲ್ಲ. ಪರಿಹಾರ ಇಂಟರ್ನೆಟ್ಟಿನಲ್ಲಿರುತ್ತದೆ. ಸೋಮಾರಿಗಳಿಗೆ ಲೋಕಲ್‌ಮಾಡ್‌ಕಾನ್ಫಿಗ್ ಎಂಬ ಅಡ್ಡದಾರಿಯುಂಟು, ಆ ಗಳಿಗೆಯಲ್ಲಿ ಲೋಡ್ ಆಗಿರುವ ಮಾಡ್ಯೂಲಷ್ಟನ್ನೇ ಉಳಿಸಿಕೊಳ್ಳುತ್ತದೆ. ಪೆನ್‌ಡ್ರೈವ್ ಅಷ್ಟರೊಳಗೆ ಚುಚ್ಚಿರದಿದ್ದರೆ ಅದಕ್ಕೆ ಮುಂದಿನ ಜನ್ಮವೇ ಗತಿ. ಬಳಿಕ ಎಂಟು ಕೋರನ್ನೂ ಒಟ್ಟಿಗೆ ಪೀಠಕ್ಕೇರಿಸುವ ಮೇಕ್ -ಜೆ8. ಆಟಿಯ ಮಳೆಗೆ ನಾಲ್ಕು ದಿನವಾದರೂ ಒಣಗದ ಕಾಲುಚೀಲ ಲ್ಯಾಪ್‌ಟಾಪಿನ ಬಿಸಿಗಾಳಿಗೆ ಒಣಗುತ್ತದೆ. ಈ ಉಪಫಲವನ್ನು ಯಾವ ಕೈಪಿಡಿಯೂ ಹೇಳಿಲ್ಲ.

ಡಿಸ್ಕಿನ ಫೈಲ್ ಸಿಸ್ಟಮ್ಮಿಗೆ ಎಂ ಕೊಟ್ಟು ಇನಿಟ್‌ರಾಮ್‌ಎಫ್‌ಎಸ್ ಮರೆತವನಿಗೆ ಪ್ಯಾನಿಕ್ ತಪ್ಪದು. ಆಗ ಕೀಬೋರ್ಡಿನ ದೀಪ ಮಿಟುಕುವುದುಂಟು. ಕಾಪುವಿನ ಕಡಲ ಬಂಡೆಯ ಮೇಲೆ 1901ರಿಂದಲೇ, ಅಂದರೆ ಲಿನಕ್ಸಿಗೆ 90 ವರ್ಷ ಮೊದಲೇ, ದೀಪ ಮಿಟುಕುತ್ತಿದೆ. ಪರಿಹಾರವೂ ಕಾಪುವಿನಲ್ಲೇ ಉಂಟು. ಹೊಸ ಮಾರಿಗುಡಿ ಎದ್ದಿತೆಂದು ಯಾರೂ ಹಳೇ ಮಾರಿಗುಡಿಯನ್ನು ಕೆಡವಲಿಲ್ಲ. ಗ್ರಬ್ ಪಟ್ಟಿಯಲ್ಲಿ ಹಳೇ ಕರ್ನಲ್ಲನ್ನು ಹಾಗೆಯೇ ಇಟ್ಟುಕೊಳ್ಳತಕ್ಕದ್ದು. ಕಾಪುವಿನಲ್ಲಿ ಮೂರನೇ ಮಾರಿಗುಡಿಯೂ ಇದೆಯಲ್ಲ ಎಂದು ಆಕ್ಷೇಪಿಸುವವರಿಗೆ ಉತ್ತರ: ಅದು ರಿಕವರಿ ಮೋಡ್.